ಪಿಟೀಲಿನ ಪ್ರಾಣ



ತಾತನ ಪಿಟೀಲು ಒರೆಸೋಕೆ ಹೋಗಿ ನಾನು ನಾಲ್ಕು ತಂತಿಗಳನ್ನೂ ಒಟ್ಟಿಗೇ ಸಡಿಲ ಮಾಡಿಬಿಟ್ಟೆ. ಕುದುರೆ ಬಿತ್ತು. ಒಳಗೆ ಏನೋ ಲೊಟಲೊಟ ಅಂದಿತು. ಮುರಿದೇ ಹೋಯಿತೆಂದು ಅತ್ತುಬಿಟ್ಟೆ. ತಾತ ಬೈಯಲಿಲ್ಲ, ಪಾಠ ಹೇಳಿದರು.

ಪಿಟೀಲಿನ ಒಳಗೆ ಪೆನ್ಸಿಲಿಗಿಂತ ತುಸು ತೆಳುವಾದ ಮರದ ಕಡ್ಡಿ ನಿಂತಿರುತ್ತದೆ. ಅದಕ್ಕೆ ಅಂಟು ಹಾಕುವುದಿಲ್ಲ. ತಂತಿಗಳ ಬಿಗಿಯಿಂದಲೇ ಅದು ಅಲುಗಾಡದೆ ನಿಲ್ಲುತ್ತದೆ. ಕುದುರೆಯ ಕಂಪನವನ್ನು ಹಿಂದಿನ ಹಲಗೆಗೆ ಮುಟ್ಟಿಸುವುದು ಅದರ ಕೆಲಸ. ಇಟಲಿಯವರು ಅದನ್ನು 'ಆನಿಮಾ', ಅಂದರೆ ಆತ್ಮ ಎನ್ನುತ್ತಾರೆ. ಇಟಲಿಯ ಕ್ರೆಮೋನಾ ಊರಿನ ಸ್ಟ್ರಾಡಿವರಿ (ಮರಣ 1737) ಮಾಡಿದ ಹೆಸರಾಂತ ಪಿಟೀಲುಗಳಿಗೆ ಮುಂದೆ ಸ್ಪ್ರೂಸ್ ಮರ, ಹಿಂದೆ ಮೇಪಲ್ ಮರ. ಅವಕ್ಕೂ ಈ ಕಡ್ಡಿ ಬೇಕೇ ಬೇಕು.

ನಮ್ಮ ಮೈಸೂರಿನ ಟಿ. ಚೌಡಯ್ಯನವರು (1895–1967) ದೂರ ಕೂತವರಿಗೂ ಕೇಳಲೆಂದು ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಮಲ್ಲೇಶ್ವರದಲ್ಲಿ ಅವರ ಹೆಸರಿನ ಭವನವೇ ಪಿಟೀಲಿನ ಆಕಾರದಲ್ಲಿದೆ.

ರಿಪೇರಿಯವರು ಬಾಗಿದ ಕಬ್ಬಿಣದ ಕಡ್ಡಿಯನ್ನು ಮೇಲಿನ ತೂತಿನಿಂದ ತೂರಿಸಿ, ಬಿದ್ದದ್ದನ್ನು ಮತ್ತೆ ನಿಲ್ಲಿಸಿದರು. ನಾದ ವಾಪಸ್ ಬಂತು! ನಾನು ಕಲಿತದ್ದು ಇಷ್ಟು: ತಂತಿಗಳನ್ನು ಒಂದೊಂದಾಗಿಯೇ ಬಿಚ್ಚಬೇಕು.

– 7ನೇ ತರಗತಿ ವಿದ್ಯಾರ್ಥಿ, ಕಾಮಾಕ್ಷಿಪಾಳ್ಯ