ಮೊದಲ ಪುಟದಲ್ಲಿ ನಮ್ಮ ಅಂಗಡಿ ಯಾಕಿಲ್ಲ?

ಪ್ರಶ್ನೆ: ನಮ್ಮದು ಇಳಕಲ್ಲಿನ ನೇಕಾರರ ಮನೆ. ಹಿಂದೆ ಆರು ಮಗ್ಗ, ಮುಂದೆ ಸಣ್ಣ ಅಂಗಡಿ. ಎರಡು ವರ್ಷದ ಹಿಂದೆ ನಾನೇ ಹಟ ಹಿಡಿದು ವೆಬ್‌ಸೈಟ್ ಮಾಡಿಸಿದೆ. ಗೂಗಲ್‌ನಲ್ಲಿ ‘ಇಳಕಲ್ ಸೀರೆ’ ಎಂದು ಹುಡುಕಿದರೆ ದೊಡ್ಡ ಕಂಪನಿಗಳೇ ಬರುತ್ತವೆ, ನಾವು ಐದನೇ ಪುಟದಲ್ಲೂ ಇಲ್ಲ. ಮೂರು ತಿಂಗಳಲ್ಲಿ ಮೊದಲ ಸ್ಥಾನ ಗ್ಯಾರಂಟಿ ಎಂದವರಿಗೆ ಅಪ್ಪನ ಉಳಿತಾಯದಿಂದ 40,000 ರೂಪಾಯಿ ಕೊಟ್ಟೆ. ಏನೂ ಆಗಲಿಲ್ಲ. ಈಗ ಇನ್ನೂ 25,000 ಕೇಳುತ್ತಿದ್ದಾರೆ. ಅಪ್ಪ ಬೈಯುವುದಿಲ್ಲ. ಊಟಕ್ಕೆ ಕೂತಾಗ ‘ಬಂತೇನವ್ವಾ ನಮ್ಮ ಹೆಸರು?’ ಅಂತಾರೆ, ಅಷ್ಟೇ. ಅದನ್ನೇ ತಾಳಲಾಗುತ್ತಿಲ್ಲ. ದುಡ್ಡು ಕೊಡಲೋ, ಬಿಡಲೋ?
— ಹೆಸರು ಬೇಡ, ಇಳಕಲ್

ಉತ್ತರ: ಕೊಡಬೇಡಿ ತಂಗಿ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಸೂಚನೆಗಳಲ್ಲೇ ಬರೆದಿಟ್ಟಿದೆ. ದುಡ್ಡಿಗೆ ಸಿಗುವುದು ಜಾಹೀರಾತಿನ ಜಾಗ ಮಾತ್ರ. ಅದರ ಕೆಳಗಿನ ಸಾಮಾನ್ಯ ಪಟ್ಟಿಯಲ್ಲಿ ಸ್ಥಾನ ಮಾರಾಟಕ್ಕಿಲ್ಲ. ಹೋದ 40,000ಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಅಪ್ಪನ ಅಂಗಡಿಗೆ ಒಳ್ಳೆಯದಾಗಲಿ ಎಂದೇ ಕೊಟ್ಟಿರಿ. ಇವತ್ತೇ ಮಾಡಬೇಕಾದ ಕೆಲಸ ಇನ್ನೊಂದಿದೆ: ವೆಬ್‌ಸೈಟಿನ ಹೆಸರು, ಅಂದರೆ ಡೊಮೇನ್, ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ನೋಡಿ. ಅದು ಈ ದುಡ್ಡು ಕೇಳುತ್ತಿರುವ ಏಜೆನ್ಸಿಯವರ ಹೆಸರಿನಲ್ಲಿದ್ದರೆ, ಮಾತು ಕೆಡುವ ಮೊದಲೇ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. ಪಾಸ್‌ವರ್ಡುಗಳನ್ನೂ ತೆಗೆದುಕೊಳ್ಳಿ.

ನೀವು ಕಳಿಸಿದ ವಿಳಾಸವನ್ನು ನನ್ನ ಫೋನಿನಲ್ಲಿ ತೆರೆದೆ. ಸೀರೆಗಳ ಫೋಟೋಗಳು ಕಣ್ಣಿಗೆ ತಂಪು. ಆದರೆ ಸೀರೆಯ ಹೆಸರು, ಅಂಚು, ಬೆಲೆ ಎಲ್ಲವನ್ನೂ ಫೋಟೋದ ಒಳಗೇ ಬರೆಸಿದ್ದೀರಿ. ಕೊಳ್ಳುವವರು ಅದನ್ನು ಓದಿಕೊಂಡಾರು, ಆದರೆ ಗೂಗಲ್ ಮುಖ್ಯವಾಗಿ ನೆಚ್ಚುವುದು ಪುಟದ ಮೇಲಿನ ಅಕ್ಷರಗಳನ್ನು. ಪ್ರತಿ ಪುಟದ ಶೀರ್ಷಿಕೆಯೂ ‘ಹೋಮ್’ ಎಂದೇ ಇದೆ. ಕೆಳಗೆ, ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಅಕ್ಷರದಲ್ಲಿ ‘ಬೆಸ್ಟ್ ಇಳಕಲ್ ಸ್ಯಾರಿ’ ಎಂಬುದು ಇಪ್ಪತ್ತು ಸಲಕ್ಕೂ ಹೆಚ್ಚು ಬಂದಿದೆ. ಅದನ್ನು ಅಳಿಸಿಬಿಡಿ. ಇಂಥ ತುರುಕುವಿಕೆಯನ್ನು ಗೂಗಲ್ ಮೋಸವೆಂದೇ ಎಣಿಸುತ್ತದೆ.

ನನಗೆ ನಿಜವಾಗಿ ಸಂಕಟವಾದದ್ದು ‘ನಮ್ಮ ಕಥೆ’ ಎಂಬ ಪುಟ ನೋಡಿ. ನಿಮ್ಮ ಅಜ್ಜ ಮಗ್ಗ ಹೂಡಿದ ಕಾಲದಿಂದ ಶುರುವಾಗುವ ಚೆಂದದ ಕನ್ನಡ ಬರಹ. ಅದರ ಒಂದು ಸಾಲನ್ನು ನಕಲು ಮಾಡಿ ಹುಡುಕಾಟದ ಪೆಟ್ಟಿಗೆಗೆ ಅಂಟಿಸಿದರೆ, ತಲೆಬುಡವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ ಬಂತು. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗೆ ಬಳಸುವ ಹಳೆಯ ಫಾಂಟಿನಲ್ಲಿ ಯಾರೋ ಟೈಪ್ ಮಾಡಿಕೊಟ್ಟಿದ್ದಾರೆ, ಯುನಿಕೋಡ್‌ನಲ್ಲಿ ಅಲ್ಲ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅಲ್ಲ. ಎರಡು ವರ್ಷದಿಂದ ಆ ಕಥೆ ಅಲ್ಲಿದ್ದೂ ಇಲ್ಲದಂತಿದೆ. ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ತಾಳೆ ನೋಡಿ.

ಇನ್ನೊಂದು ಪರೀಕ್ಷೆ. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ನಿಮ್ಮ ವಿಳಾಸ ಬರೆಯಿರಿ. ನಾನು ನೋಡಿದಾಗ ಮೂರೇ ಪುಟ ಬಂದವು. ಪಟ್ಟಿಗೇ ಸೇರದ ಪುಟಕ್ಕೆ ಸ್ಥಾನ ಎಲ್ಲಿಂದ ಬರಬೇಕು? ಸೈಟ್ ಕಟ್ಟುವಾಗ ಹಾಕಿದ ‘ನೋಇಂಡೆಕ್ಸ್’ ಎಂಬ ತಡೆಯನ್ನು ತೆಗೆಯಲು ಮರೆಯುವುದುಂಟು. ಗೂಗಲ್‌ನ ‘ಸರ್ಚ್ ಕನ್ಸೋಲ್’ ಪುಕ್ಕಟೆ. ಅದನ್ನು ನಿಮ್ಮ ಹೆಸರಿನಲ್ಲೇ ತೆರೆಯಿರಿ. ಯಾವ ಪುಟ ಯಾಕೆ ಸೇರಿಲ್ಲ, ಜನ ಯಾವ ಪದ ಹುಡುಕಿ ನಿಮ್ಮಲ್ಲಿಗೆ ಬಂದರು ಎಂಬುದೆಲ್ಲ ಅಲ್ಲಿ ಕಾಣುತ್ತದೆ.

ಆ ಏಜೆನ್ಸಿಯವರು ನೂರಾರು ಕಡೆಯಿಂದ ‘ಬ್ಯಾಕ್‌ಲಿಂಕ್’ ತಂದಿದ್ದೇವೆ ಎಂದು ವರದಿ ಕೊಟ್ಟಿದ್ದಾರಲ್ಲ, ಅದರ ಹಿನ್ನೆಲೆ ಇಷ್ಟು. 1998ರಲ್ಲಿ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಗೂಗಲ್ ಕಟ್ಟಿದಾಗ, ಒಂದು ತಾಣ ಇನ್ನೊಂದಕ್ಕೆ ಕೊಂಡಿ ಹಾಕಿದರೆ ಅದನ್ನು ಶಿಫಾರಸು ಎಂದೇ ಲೆಕ್ಕ ಹಿಡಿದರು. ಲೆಕ್ಕ ತಿಳಿದವರು ಸುಳ್ಳು ಶಿಫಾರಸು ಮಾರತೊಡಗಿದರು. 2012ರಲ್ಲಿ ‘ಪೆಂಗ್ವಿನ್’ ಎಂಬ ಬದಲಾವಣೆ ತಂದು ಗೂಗಲ್ ಅಂಥ ತಾಣಗಳನ್ನು ಕೆಳಕ್ಕೆ ತಳ್ಳಿತು. ಸರ್ಚ್ ಕನ್ಸೋಲಿನ ‘ಮ್ಯಾನ್ಯುಯಲ್ ಆಕ್ಷನ್ಸ್’ ಪುಟ ನೋಡಿ. ಅಲ್ಲಿ ಎಚ್ಚರಿಕೆ ಏನೂ ಇಲ್ಲದಿದ್ದರೆ ಆ ಲಿಂಕುಗಳ ಚಿಂತೆ ಬಿಡಿ, ಹೊಸದನ್ನು ಕೊಳ್ಳಬೇಡಿ. ನಿಮ್ಮ ಸೀರೆಯ ಮೇಲೆ ಕಸೂತಿ ಹಾಕುವ ಧಾರವಾಡದ ಹೆಣ್ಣುಮಕ್ಕಳ ತಾಣವಿದ್ದರೆ, ‘ಸೀರೆ ಇವರದು’ ಎಂದು ಅವರು ಬರೆಯುವ ಒಂದು ಸಾಲೇ ನಿಜವಾದ ಶಿಫಾರಸು.

‘ಇಳಕಲ್ ಸೀರೆ’ ಎಂಬ ಎರಡೇ ಪದಕ್ಕೆ ದೊಡ್ಡ ಕಂಪನಿಗಳನ್ನು ಹಿಂದಿಕ್ಕುವ ಆಸೆಯನ್ನು ಸದ್ಯ ಪಕ್ಕಕ್ಕಿಡಿ. ಕೊಳ್ಳಬೇಕೆಂದೇ ಬರುವವರು ಉದ್ದುದ್ದ ಪ್ರಶ್ನೆ ಕೇಳುತ್ತಾರೆ: ಮೊದಲ ಸಲ ಒಗೆದರೆ ಬಣ್ಣ ಬಿಡುತ್ತದೆಯೇ? ಕೈಮಗ್ಗದ್ದೋ ಪವರ್‌ಲೂಮಿನದೋ ಎಂದು ಗುರುತಿಸುವುದು ಹೇಗೆ? ಒಂಬತ್ತು ಗಜದ್ದು ಸಿಗುತ್ತದೆಯೇ? ಅಂಗಡಿಯ ಫೋನಿಗೆ ಇವೇ ಬರುತ್ತವಲ್ಲವೇ? ಒಂದೊಂದು ಪ್ರಶ್ನೆಗೆ ಒಂದೊಂದು ಪುಟ ಬರೆಯಿರಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಸೇರಿಸುವುದು ಇಳಕಲ್ಲಿನ ವಿದ್ಯೆ. ಆ ಜಾಗದ ಒಂದು ಹತ್ತಿರದ ಫೋಟೋ, ಕೆಳಗೆ ನಾಲ್ಕು ಸಾಲು ವಿವರಣೆ ಇರಲಿ. ಬೇರೆಯವರ ಸೀರೆ ತಂದು ಮಾರುವ ಕಂಪನಿ ಇದನ್ನು ಎಲ್ಲಿಂದ ಬರೆದೀತು? ಈ ಸೆರಗಿನ ಹೆಸರನ್ನು ಜನ ‘ಟೋಪ್ ತೆನಿ’ ಎಂದೂ ‘ತೋಪ್ ತೆನೆ’ ಎಂದೂ, ಊರಿನ ಹೆಸರನ್ನು ‘ಇಲಕಲ್’ ಎಂದೂ ಬರೆಯುತ್ತಾರೆ. ಆ ರೂಪಗಳೂ ಬರಹದಲ್ಲಿ ಸಹಜವಾಗಿ ಒಂದೊಂದು ಸಲ ಬರಲಿ.

ಊರಿಗೇ ಬಂದು ಹುಡುಕುವವರಿಗಾಗಿ ‘ಗೂಗಲ್ ಬಿಸಿನೆಸ್ ಪ್ರೊಫೈಲ್’ನಲ್ಲಿ ಅಂಗಡಿಯ ಜಾಗ, ಸಮಯ, ಫೋಟೋ ಸೇರಿಸಿ. ಇದೂ ಪುಕ್ಕಟೆ. ಮದುವೆ ಜವಳಿ ಒಯ್ದವರಿಗೆ ಅಭಿಪ್ರಾಯ ಬರೆಯಿರೆಂದು ಕೇಳಿ, ಅದಕ್ಕೆ ರಿಯಾಯಿತಿಯ ಆಸೆ ತೋರಿಸಬೇಡಿ.

ಇದೆಲ್ಲ ಮಾಡಿದರೂ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಅದನ್ನು ಅಪ್ಪನಿಗೆ ಮುಚ್ಚಿಡದೆ ಹೇಳಿ. ಹಾಸು ಹೂಡುವುದಕ್ಕೇ ದಿನಗಟ್ಟಲೆ ಹಿಡಿಯುತ್ತದೆಂದು ಬಲ್ಲವರು ಅವರು. ಇವತ್ತು ರಾತ್ರಿ ಅವರು ಆ ಪ್ರಶ್ನೆ ಕೇಳಿದಾಗ ಫೋನಿನ ರೆಕಾರ್ಡರ್ ಒತ್ತಿ ಪಕ್ಕದಲ್ಲಿಟ್ಟು, ‘ಅಪ್ಪಾ, ಕೊಂಡಿ ಹೆಂಗ ಹಾಕ್ತಾರ, ಹೇಳು’ ಎನ್ನಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಮೊದಲ ಪುಟ ಮಾಡಿ. ಹಾಕಿದ ಮೇಲೆ ನನಗೂ ಒಂದು ಸಾಲು ತಿಳಿಸಿ, ಓದುತ್ತೇನೆ.