ನಡೆದು ತೋರಿದ ರಮಾಬಾಯಿ



ನೀರಿಗೆ ಹೋದಾಗ ಒಂದು ನೋಟ ನೀವು ಕಂಡಿರಬಹುದು. ನಲ್ಲಿಯ ಮುಂದೆ ಕೊಡಗಳ ಸಾಲು. ಹೆಂಗಸರು ಮಾತಾಡುತ್ತಾ ನಿಂತಿರುತ್ತಾರೆ. ಒಬ್ಬಾಕೆ ಮಾತ್ರ ದೂರ ನಿಂತಿರುತ್ತಾಳೆ. ಅವಳು ಗಂಡ ಸತ್ತವಳು ಇರಬಹುದು. ಗಂಡ ಬಿಟ್ಟವಳು ಇರಬಹುದು. ಬೇರೆ ಜಾತಿಯವಳು ಇರಬಹುದು. ಅವಳು ಹತ್ತಿರ ಬಂದರೆ ಮಾತು ನಿಂತುಹೋಗುತ್ತದೆ. ಎಲ್ಲರ ಕೊಡ ತುಂಬಿದ ಮೇಲೆ ಅವಳ ಸರದಿ.

"ನಮಗ್ಯಾಕವ್ವಾ ಊರ ಉಸಾಬರಿ?" ಅಂತ ನಾವೂ ಸುಮ್ಮನಾಗುತ್ತೇವೆ.

ಬೈಬಲಿನಲ್ಲಿಯೂ ನೀರಿಗೆ ಬಂದ ಒಬ್ಬ ಹೆಂಗಸಿನ ಕತೆ ಇದೆ. ನಮ್ಮ ನಾಡಿನಲ್ಲೇ ಹುಟ್ಟಿದ ಒಬ್ಬ ತಾಯಿ ಆ ಕತೆಯನ್ನು ಕೇಳಿದರು. ಕೇಳಿ ಸುಮ್ಮನಾಗಲಿಲ್ಲ. ಅದರಂತೆ ನಡೆದರು. ಅವರೇ ಪಂಡಿತಾ ರಮಾಬಾಯಿ.

ಬಾವಿಯ ಬಳಿ

ಮೊದಲು ಆ ಕತೆ ಕೇಳಿ.

ಸುಡು ಮಧ್ಯಾಹ್ನ. ಸಮಾರ್ಯ ಎಂಬ ಸೀಮೆ. ನಡೆದು ದಣಿದ ಯೇಸು ಒಂದು ಬಾವಿಯ ಬಳಿ ಕೂತಿದ್ದರು. ಒಬ್ಬ ಹೆಂಗಸು ನೀರಿಗೆ ಬಂದಳು. ಯೇಸು ಯೆಹೂದ್ಯರು. ಆಕೆ ಸಮಾರ್ಯದವಳು. ಈ ಎರಡು ಜನಕ್ಕೂ ಬಳಕೆ ಇರಲಿಲ್ಲ. ಆದರೂ ಯೇಸು ಅವಳ ಕೈಯಿಂದ ಕುಡಿಯಲು ನೀರು ಕೇಳಿದರು. ಅವಳಿಗೆ ಆಶ್ಚರ್ಯವಾಯಿತು.

ಆಕೆಗೆ ಹಿಂದೆ ಐದು ಮಂದಿ ಗಂಡಂದಿರು ಇದ್ದರು. ಈಗ ಜೊತೆಗಿದ್ದವನು ಗಂಡನಲ್ಲ. ಇದು ಯೇಸುವಿಗೆ ಗೊತ್ತಿತ್ತು. ಆದರೂ ಅವರು ಹೀಯಾಳಿಸಲಿಲ್ಲ. ಅವಳನ್ನು ಮನುಷ್ಯಳಂತೆ ಕಂಡು, ದೇವರ ವಿಷಯ ಮಾತಾಡಿದರು. ಅವಳು ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಹೋದಳು. ಅವಳ ಮಾತು ಕೇಳಿ ಊರವರು ಯೇಸುವನ್ನು ನೋಡಲು ಬಂದರು.

ಕಾಡಿನಲ್ಲಿ ಹುಟ್ಟಿದ ಮಗಳು

ರಮಾಬಾಯಿ ಹುಟ್ಟಿದ್ದು 1858ರಲ್ಲಿ. ಊರು ಪಶ್ಚಿಮ ಘಟ್ಟದ ಗಂಗಾಮೂಲ. ತುಂಗಾ, ಭದ್ರಾ ನದಿಗಳು ಹುಟ್ಟುವ ಕಾಡು ಅದು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ದೊಡ್ಡ ಪಂಡಿತರು. ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಎಂದು ಆಗಿನ ಜನ ಹೇಳುತ್ತಿದ್ದರು. ಅವರು ಕೇಳಲಿಲ್ಲ. ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು. ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದರು. ಹಗಲೆಲ್ಲ ಮನೆಗೆಲಸ. ಅದಕ್ಕೇ ನಸುಕಿನಲ್ಲಿ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು.

ತಾಯಿಯ ಪಾಠ ವ್ಯರ್ಥವಾಗಲಿಲ್ಲ. ಆದರೆ ಕಷ್ಟದ ದಿನ ಬಂದವು. 1874ರ ಹೊತ್ತಿನ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ರಮಾಬಾಯಿ ಮತ್ತು ಅಣ್ಣ ಊರೂರು ನಡೆದರು. ಹೊದೆಯಲು ಬಟ್ಟೆ ಇರಲಿಲ್ಲ. ಒಮ್ಮೆ ಚಳಿ ತಡೆಯಲಾರದೆ ನದಿಯ ದಡದಲ್ಲಿ ಗುಂಡಿ ತೋಡಿದರು. ತಲೆ ಮಾತ್ರ ಹೊರಗಿಟ್ಟು, ಮೈಮೇಲೆ ಮರಳು ಎಳೆದುಕೊಂಡು ಮಲಗಿದರು.

1878ರಲ್ಲಿ ಇಬ್ಬರೂ ಕಲ್ಕತ್ತಾಕ್ಕೆ ಬಂದರು. ರಮಾಬಾಯಿಯವರ ವಿದ್ಯೆ ನೋಡಿ ಅಲ್ಲಿನ ವಿದ್ವಾಂಸರು "ಪಂಡಿತಾ" ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬೇರೆ ಜಾತಿಯ ಒಬ್ಬ ವಕೀಲರನ್ನು ಮದುವೆಯಾದರು. 1882ರಲ್ಲಿ ಗಂಡನೂ ತೀರಿಕೊಂಡರು. ಮಡಿಲಲ್ಲಿ ಪುಟ್ಟ ಮಗಳು ಮನೋರಮಾ. ರಮಾಬಾಯಿಗೆ ಆಗ 23 ವರ್ಷ.

ಕಣ್ಣಾರೆ ಕಂಡದ್ದು

1883ರಲ್ಲಿ ರಮಾಬಾಯಿ ಓದಲು ಇಂಗ್ಲೆಂಡಿಗೆ ಹೋದರು. ಅದೇ ವರ್ಷ ಕ್ರೈಸ್ತ ಧರ್ಮಕ್ಕೆ ಸೇರಿದರು. ಅಲ್ಲಿ ಫುಲ್ಹಮ್ ಎಂಬಲ್ಲಿ ಒಂದು ಆಶ್ರಮ ನೋಡಿದರು. ಕೆಟ್ಟವರು ಎಂದು ಜನ ದೂರ ಮಾಡಿದ ಹೆಂಗಸರು ಅಲ್ಲಿದ್ದರು. ಕ್ರೈಸ್ತ ಸನ್ಯಾಸಿನಿಯರು ಅವರನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ರಮಾಬಾಯಿಗೆ ಬೆರಗಾಯಿತು. ಇವರು ಹೀಗೇಕೆ ಮಾಡುತ್ತಾರೆ ಎಂದು ಕೇಳಿದರು. ಒಬ್ಬ ಸನ್ಯಾಸಿನಿ ಬೈಬಲ್ ತೆರೆದು, ಬಾವಿಯ ಬಳಿಯ ಆ ಕತೆಯನ್ನು ಓದಿ ಹೇಳಿದರು.

ನೋಡಿ, ಮೊದಲು ಕಂಡದ್ದು ಕೆಲಸ. ಆಮೇಲೆ ಕೇಳಿದ್ದು ಕತೆ. ಕೆಲಸ ಕಾಣದೆ ಇದ್ದಿದ್ದರೆ ಕತೆ ಅಷ್ಟು ನಾಟುತ್ತಿತ್ತೇ?

ಮುಕ್ತಿಯ ಮನೆ

ರಮಾಬಾಯಿ ನಮ್ಮ ದೇಶಕ್ಕೆ ಮರಳಿದರು. 1889ರಲ್ಲಿ ಮುಂಬಯಿಯಲ್ಲಿ "ಶಾರದಾ ಸದನ" ತೆರೆದರು. ಅದು ವಿಧವೆಯರಿಗೆ ಮನೆ, ಹೆಣ್ಣು ಮಕ್ಕಳಿಗೆ ಶಾಲೆ. ಮರುವರ್ಷ ಅದು ಪುಣೆಗೆ ಹೋಯಿತು.

ಎಲ್ಲರೂ ಮೆಚ್ಚಿದರು ಅಂತಲ್ಲ. ಮಕ್ಕಳನ್ನು ಕ್ರೈಸ್ತರನ್ನಾಗಿ ಮಾಡುತ್ತಾರೆ ಎಂಬ ದೂರು ಬಂತು. 1893ರಲ್ಲಿ ಹಲವರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ಕೆಲಸ ನಿಲ್ಲಿಸಲಿಲ್ಲ.

1896ರಲ್ಲಿ ಮಧ್ಯ ಭಾರತದಲ್ಲಿ ಬರ ಬಿತ್ತು. ಹಸಿವು ಅಂದರೆ ಏನು ಅಂತ ರಮಾಬಾಯಿಗೆ ಗೊತ್ತಿತ್ತು. ತಾವೇ ಅಲ್ಲಿಗೆ ಹೋದರು. ಎಲುಬು ಕಾಣುತ್ತಿದ್ದ ಸುಮಾರು 300 ಹೆಂಗಸರನ್ನೂ ಹುಡುಗಿಯರನ್ನೂ ಕರೆತಂದರು. ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ಅವರಿಗೆ ನೆಲೆ ಮಾಡಿದರು. ಅದೇ "ಮುಕ್ತಿ ಸದನ".

ಅಲ್ಲಿ ಕೂತು ಉಣ್ಣುವುದು ಇರಲಿಲ್ಲ. ಹೆಂಗಸರು ಓದು ಕಲಿತರು. ಹೊಲ ಮಾಡಿದರು. ನೇಯ್ದರು. ಗಾಣ ನಡೆಸಿದರು. ಅಚ್ಚಿನ ಮೊಳೆ ಜೋಡಿಸಿ ಪುಸ್ತಕವನ್ನೂ ಅಚ್ಚು ಹಾಕಿದರು. ಊರು ದೂರ ಮಾಡಿದವರಿಗೆ "ಕೃಪಾ ಸದನ" ಬೇರೆ ಇತ್ತು. ಕುರುಡರಿಗೆ ಮನೋರಮಾ ಓದು ಕಲಿಸಿದರು. 1912ರ ಹೊತ್ತಿಗೆ ತಾಯಿ ಮಗಳು ಗುಲ್ಬರ್ಗದಲ್ಲೂ ಒಂದು ಶಾಲೆ ತೆರೆದರು. ಗುಲ್ಬರ್ಗ ಅಂದರೆ ಈಗಿನ ಕಲಬುರಗಿ.

ಹಳ್ಳಿಯ ಹೆಂಗಸರಿಗೂ ತಿಳಿಯಲಿ ಎಂದು ರಮಾಬಾಯಿ ಬೈಬಲನ್ನು ಸರಳ ಮರಾಠಿಯಲ್ಲಿ ಬರೆದರು. 1922ರ ಏಪ್ರಿಲ್ 5ರಂದು ತೀರಿಕೊಂಡರು. 1989ರಲ್ಲಿ ಭಾರತ ಸರ್ಕಾರ ಅವರ ಚಿತ್ರದ ಅಂಚೆ ಚೀಟಿ ತಂದಿತು.

ಸಹಿಸುವುದೇ ಒಳ್ಳೆಯತನವೇ?

"ಯೇಸುವಿನ ಹಾಗೆ ಬಾಳಬೇಕು ಅಂದ್ರೆ ಹೊಡೆದ್ರೂ ಬೈದ್ರೂ ಸುಮ್ನೆ ಇರಬೇಕಾ?" ಅಂತ ನೀವು ಕೇಳಬಹುದು.

ಹಾಗಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಬಂದಿತ್ತು. ಆಗ ಸರ್ಕಾರದ ಪ್ಲೇಗಿನ ಆಸ್ಪತ್ರೆಯಲ್ಲಿ ಹೆಂಗಸರಿಗೆ ಅನ್ಯಾಯವಾಗುತ್ತಿದೆ ಎಂದು ರಮಾಬಾಯಿ ಪತ್ರಿಕೆಗೆ ಬರೆದರು. ಅದು ಬ್ರಿಟಿಷ್ ಸರ್ಕಾರ. ಆದರೂ ಹೆದರಲಿಲ್ಲ. ಪ್ರೀತಿ ಬೇರೆ, ಅನ್ಯಾಯಕ್ಕೆ ತಲೆಬಾಗುವುದು ಬೇರೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮುಚ್ಚಿಡಬೇಡಿ. ಸಂಘದ ಅಕ್ಕಂದಿರಿಗೆ ಹೇಳಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ನಮ್ಮ ಕೈಲಿ ಆಗುವುದು

"ರಮಾಬಾಯಿ ದೊಡ್ಡೋರು. ನಮ್ಮ ಕೈಲಿ ಏನಾಗ್ತದೆ?" ಅನ್ನಬೇಡಿ. ಅವರ ತಾಯಿ ಆಶ್ರಮ ಕಟ್ಟಲಿಲ್ಲ. ನಸುಕಿನಲ್ಲಿ ಎದ್ದು ಮಗಳಿಗೆ ಪಾಠ ಹೇಳಿದರು, ಅಷ್ಟೇ. ಅದರಿಂದ ಎಷ್ಟು ಮನೆ ಬೆಳಗಿದವು!

ಯೇಸು ಕೊನೆಯ ರಾತ್ರಿ ತಮ್ಮ ಶಿಷ್ಯರ ಕಾಲು ತೊಳೆದರು ಎಂದು ಬೈಬಲ್ ಹೇಳುತ್ತದೆ. ಅದು ಆಳು ಮಾಡುವ ಕೆಲಸ. ಗುರುವೇ ಮಾಡಿ ತೋರಿಸಿದರು. ನಾವು ದಿನವೂ ಮಾಡುವ ಸಣ್ಣ ಕೆಲಸದಲ್ಲೂ ಆ ಗುಣ ಇರಬಹುದು.

ನಲ್ಲಿಯ ಹತ್ತಿರ ದೂರ ನಿಂತವಳನ್ನು "ಬಾರಕ್ಕಾ, ನಿನ್ನ ಕೊಡ ಇಡು" ಎಂದು ಕರೆಯೋಣ. ಮದುವೆ ಮನೆಯಲ್ಲಿ ವಿಧವೆಯನ್ನು ಮೂಲೆಗೆ ಕೂರಿಸದಿರೋಣ. ಸೊಸೆ ಉಂಡಳೇ ಎಂದು ಕೇಳೋಣ. ಸಂಘದ ದುಡ್ಡಿನ ಲೆಕ್ಕ ಸರಿಯಾಗಿ ಬರೆಯೋಣ. ಓದು ಬಾರದ ನೆರೆಯವಳಿಗೆ ಅವಳ ಚೀಟಿ ಓದಿ ಹೇಳೋಣ.

ಮಕ್ಕಳು ನಮ್ಮ ಬುದ್ಧಿಮಾತು ಮರೆಯಬಹುದು. ನಾವು ನಡೆದದ್ದನ್ನು ಮರೆಯುವುದಿಲ್ಲ. ಯಾವ ದೇವರಿಗೆ ಕೈ ಮುಗಿದರೂ ಈ ಮಾತು ಎಲ್ಲರಿಗೂ ಒಂದೇ.

ಓದಿ ಉತ್ತರ ಹೇಳಿ

1. ರಮಾಬಾಯಿ ಎಲ್ಲಿ ಹುಟ್ಟಿದರು?
2. ಅವರಿಗೆ ಓದು ಕಲಿಸಿದವರು ಯಾರು? ಯಾವ ಹೊತ್ತಿನಲ್ಲಿ?
3. ಇಂಗ್ಲೆಂಡಿನ ಆಶ್ರಮದಲ್ಲಿ ಅವರು ಏನು ಕಂಡರು?
4. ಮುಕ್ತಿ ಸದನದ ಹೆಂಗಸರು ಯಾವ ಯಾವ ಕೆಲಸ ಕಲಿತರು?

ಕೂಡಿ ಮಾತಾಡಿ

ನಮ್ಮ ಊರಿನಲ್ಲಿ ದೂರ ನಿಂತವರು ಯಾರು? ಅವರನ್ನು ಹತ್ತಿರ ಕರೆಯಲು ನಾಳೆ ನಾವು ಏನು ಮಾಡಬಹುದು?

ಬರೆಯಿರಿ

ನಿಮಗೆ ನಡೆದು ತೋರಿದ ಒಬ್ಬರ ಹೆಸರು ಬರೆಯಿರಿ. ಅವರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಎರಡು ಸಾಲಿನಲ್ಲಿ ಬರೆಯಿರಿ.