ಮ್ಯಾಪ್ ತೋರಿದ ದಾರಿ ಲಾರಿಗೂ ದಾರಿಯೇ?

ಪ್ರಶ್ನೆ: ನಾನು ಹತ್ತು ಚಕ್ರದ ಲಾರಿ ಓಡಿಸುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ರಸ್ತೆ ತುಂಬ ಟ್ರ್ಯಾಕ್ಟರುಗಳೇ. ಮೊನ್ನೆ ರಾತ್ರಿ ಮ್ಯಾಪಿನಲ್ಲಿ ಕೆಂಪು ಗೆರೆ ಕಂಡು, ಅದು ಹೇಳಿದ ಒಳದಾರಿ ಹಿಡಿದೆ. ಕಾಲುವೆ ಏರಿಯ ಮೇಲೆ ಹೋಗಿ ಸಿಕ್ಕಿಕೊಂಡೆ. ಮುಂದೆ ಹೋಗಲಾಗದೆ, ತಿರುಗಿಸಲೂ ಆಗದೆ ಬೆಳಗಿನವರೆಗೆ ಅಲ್ಲೇ ನಿಂತೆ. ಈಗ ಮ್ಯಾಪ್ ತೆರೆದರೇ ಎದೆ ಢವಢವ ಅನ್ನುತ್ತದೆ. ಅದನ್ನು ಬಿಟ್ಟುಬಿಡಲೇ?
– ಲಾರಿ ಚಾಲಕ, ಮೂಡಲಗಿ ತಾಲ್ಲೂಕು

ಉತ್ತರ: ಒಂದು ಕಡೆ ನೀರು, ಇನ್ನೊಂದು ಕಡೆ ಹೊಲದ ಇಳಿಜಾರು, ಬೆನ್ನ ಮೇಲೆ ಲೋಡು. ಅಂಥ ಕತ್ತಲಲ್ಲಿ ಹಟ ಮಾಡದೆ ಬೆಳಕಾಗುವವರೆಗೆ ಕಾದಿರಲ್ಲ, ಅದು ಒಳ್ಳೆಯ ಚಾಲಕ ಮಾಡುವ ಕೆಲಸ. ನಿಮ್ಮ ಹೆದರಿಕೆಗೆ ಕಾರಣವಿದೆ. ಆದರೆ ಮ್ಯಾಪ್ ಬಿಡಬೇಕಿಲ್ಲ, ಅದರ ಮಾತನ್ನು ಎಷ್ಟು ನಂಬಬೇಕು ಎಂಬುದು ಗೊತ್ತಿದ್ದರೆ ಸಾಕು.

ಮ್ಯಾಪ್ ರಸ್ತೆಯನ್ನು ಕಣ್ಣಿಂದ ನೋಡುವುದಿಲ್ಲ. ಆ ದಾರಿಯಲ್ಲಿ ಹೋಗುವವರ ಜೇಬಿನ ಫೋನುಗಳು ಎಷ್ಟು ವೇಗವಾಗಿ ಸಾಗುತ್ತಿವೆ ಎಂಬುದರ ಮೇಲೆ ಲೆಕ್ಕ ಹಾಕುತ್ತದೆ. ಕಬ್ಬಿನ ಟ್ರ್ಯಾಲಿಗಳು ಕಾರ್ಖಾನೆಯ ಮುಂದೆ ಸಾಲು ನಿಂತರೆ ಅವುಗಳ ಚಾಲಕರ ಫೋನುಗಳೂ ನಿಲ್ಲುತ್ತವೆ, ಗೆರೆ ಕೆಂಪಾಗುತ್ತದೆ. ಸಾಲಿನ ಪಕ್ಕದಲ್ಲಿ ನಿಮ್ಮ ಗಾಡಿ ದಾಟುವಷ್ಟು ಜಾಗವಿದ್ದರೂ ಕೆಂಪು ಕಾಣಬಹುದು. ಕಾಲುವೆ ಏರಿಯ ಮೇಲೆ ರಾತ್ರಿ ಯಾರು ಓಡಾಡುತ್ತಾರೆ? ಅಲ್ಲಿ ತಡೆಯಿದೆ ಎಂದು ಹೇಳಲು ಒಂದು ಫೋನೂ ಇಲ್ಲ. ಹಾಗಾಗಿ ಆ ದಾರಿ ಖಾಲಿ ಎಂದು ತೋರುತ್ತದೆ. ದಾರಿ ಖಾಲಿ ಇರುವುದು ಬೇರೆ, ಗಾಡಿ ಹೋಗುವಂತಿರುವುದು ಬೇರೆ.

ಇನ್ನೊಂದು ಮಾತು. ನಮ್ಮಲ್ಲಿ ಎಲ್ಲರೂ ಬಳಸುವ ಗೂಗಲ್ ಮ್ಯಾಪ್ಸ್ ನಿಮ್ಮ ಗಾಡಿಯ ಎತ್ತರ, ಅಗಲ, ತೂಕ ಕೇಳುವುದಿಲ್ಲ. ಅದು ಹುಡುಕುವುದು ಕಾರಿನ ದಾರಿ. ಹತ್ತು ಚಕ್ರದ ಗಾಡಿ 2018ರ ನಿಯಮದಂತೆ ಸರಕು ಸೇರಿ 28.5 ಟನ್‌ವರೆಗೆ ತೂಗಬಹುದು. ಘಟಪ್ರಭಾ ಎಡದಂಡೆ ಕಾಲುವೆಯ ಪಕ್ಕದ ಹಾದಿ ಕಾಲುವೆ ನೋಡಿಕೊಳ್ಳುವವರ ಓಡಾಟಕ್ಕೆ ಇರುವುದು, ಅಷ್ಟು ಭಾರಕ್ಕಲ್ಲ. ನಕ್ಷೆಯಲ್ಲಿ ಮಾತ್ರ ಅದೂ ಒಂದು ಗೆರೆ.

ಇನ್ನು ಮೇಲೆ ಹೊರಡುವ ಮುಂಚೆ, ಗಾಡಿ ನಿಂತಿರುವಾಗಲೇ, ದಾರಿಯನ್ನು ಬೆರಳಿನಿಂದ ಹಿಗ್ಗಿಸಿ ಕೊನೆಯವರೆಗೂ ನೋಡಿ. ಉಪಗ್ರಹ ನೋಟಕ್ಕೆ (ಮೇಲಿನಿಂದ ತೆಗೆದ ಚಿತ್ರ) ಬದಲಿಸಿದರೆ ಹೊಲದ ದಾರಿ ಯಾವುದು, ಡಾಂಬರು ಯಾವುದು ಎಂದು ಸುಮಾರಾಗಿ ತಿಳಿಯುತ್ತದೆ. ನಡುವಿನ ಊರುಗಳನ್ನು ನೀವೇ ‘ನಿಲುಗಡೆ’ಯಾಗಿ ಸೇರಿಸಿ. ಮೂಡಲಗಿಯಿಂದ ಸಂಕೇಶ್ವರಕ್ಕೆ ಹೊರಟರೆ ಘಟಪ್ರಭಾ, ಹುಕ್ಕೇರಿ ಎಂದು ಹಾಕಿ. ಆಗ ಮ್ಯಾಪು ದೊಡ್ಡ ರಸ್ತೆ ಬಿಟ್ಟು ಅಲೆಯುವುದು ಕಡಿಮೆಯಾಗುತ್ತದೆ. ದಾರಿಯಲ್ಲಿ ‘ಹತ್ತು ನಿಮಿಷ ಉಳಿಯುತ್ತದೆ’ ಎಂದು ಹೊಸ ದಾರಿ ತೋರಿದರೆ, ಆ ಹತ್ತು ನಿಮಿಷ ಕಾರಿನ ಲೆಕ್ಕ ಎಂದು ನೆನಪಿಡಿ.

ತಾಡಪತ್ರಿ ಕಟ್ಟಿದ ಮೇಲೆ ಗಾಡಿಯ ಎತ್ತರ ಅಳೆದು ಕ್ಯಾಬಿನ್ನಿನಲ್ಲಿ ಬರೆದಿಡಿ. ನಮ್ಮಲ್ಲಿ ಹಾದುಹೋಗುವ ಲೋಂಡಾ–ಮೀರಜ ರೈಲು ಮಾರ್ಗದಲ್ಲಿ ಕೆಳಸೇತುವೆ (ಹಳಿಯ ಅಡಿಯ ದಾರಿ) ಎದುರಾದರೆ ಆ ಅಂಕಿ ಬೇಕಾಗುತ್ತದೆ. ಕೆಂಪು ಅಂಚಿನ ದುಂಡು ಫಲಕದಲ್ಲಿ ಎತ್ತರವೋ ಟನ್ನೋ ಬರೆದಿದ್ದರೆ ಅದು ಆಜ್ಞೆ. ಅಲ್ಲಿ ಮ್ಯಾಪಿನ ಮಾತು ನಡೆಯದು.

ಪ್ರಶ್ನೆ: ಟೋಲ್ ತಪ್ಪಿಸುವ ಬಟನ್ ಒತ್ತಿದರೆ ಹತ್ತರಗಿ ಟೋಲಿನ ದುಡ್ಡು ಉಳಿಯುತ್ತದೆ ಎಂದು ಮಗ ಹೇಳುತ್ತಾನೆ. ಸರಿಯೇ?
– ಲಾರಿ ಮಾಲೀಕರು, ಹುಕ್ಕೇರಿ

ಉತ್ತರ: ಬಾಡಿಗೆ ಗಿಟ್ಟದ ದಿನಗಳಲ್ಲಿ ಈ ಯೋಚನೆ ಬರುವುದು ಸಹಜ. ಆದರೆ ಲೋಡಿನ ಗಾಡಿ ಲೀಟರಿಗೆ ನಾಲ್ಕು ಕಿ.ಮೀ. ಓಡಿದರೆ, ಇಪ್ಪತ್ತು ಕಿ.ಮೀ. ಸುತ್ತಿಗೆ ಐದು ಲೀಟರ್ ಡೀಸೆಲ್ ಹೋಗುತ್ತದೆ. ಟೈರು, ಪಟ್ಟಾ, ಊರೊಳಗಿನ ಉಬ್ಬುಗಳು ಬೇರೆ. ಲೋಡಿದ್ದಾಗ ಆ ಬಟನ್ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಗೋಕಾಕಕ್ಕೆ ಸರಕು ತರುತ್ತೇನೆ. ಸೇತುವೆ ಮುಳುಗಿದ್ದರೂ ಮ್ಯಾಪು ‘ನೇರ ಹೋಗಿ’ ಅನ್ನುತ್ತದೆಂದು ಗೆಳೆಯರು ಹೆದರಿಸುತ್ತಾರೆ. ನಿಜವೇ?
– ಚಾಲಕ, ಗೋಕಾಕ

ಉತ್ತರ: ನಿಜವೇ. ಗೆಳೆಯರ ಮಾತನ್ನು ತಳ್ಳಿಹಾಕಬೇಡಿ. ಆದರೆ ಈ ಅಪಾಯ ತಪ್ಪಿಸಿಕೊಳ್ಳಬಹುದಾದದ್ದು, ಮುನ್ಸೂಚನೆ ಕೊಟ್ಟೇ ಬರುತ್ತದೆ.

ಅಂಬೋಲಿ ಕಡೆ ಮಳೆ ಸುರಿದರೆ ಘಟಪ್ರಭಾ, ಹಿರಣ್ಯಕೇಶಿ ಎರಡೂ ಏರುತ್ತವೆ. ಹಿಡಕಲ್ ಜಲಾಶಯದ ಗೇಟು ತೆರೆದು, ಮಾರ್ಕಂಡೇಯ ನದಿಯ ನೀರೂ ಕೂಡಿದರೆ ಗೋಕಾಕದ ಲೋಳಸೂರ ಸೇತುವೆಗೆ ಕುತ್ತು. 2019ರ ಆಗಸ್ಟಿನಲ್ಲೂ 2024ರ ಜುಲೈನಲ್ಲೂ ಅದು ಮುಳುಗಿತ್ತು. ಸೇತುವೆ ಬಂದ್ ಆಗಿದೆ ಎಂದು ಯಾರಾದರೂ ತಿಳಿಸುವವರೆಗೆ ಮ್ಯಾಪಿಗೆ ಅದು ತೆರೆದ ರಸ್ತೆ. ಉತ್ತರ ಪ್ರದೇಶದ ಬರೇಲಿ ಹತ್ತಿರ 2024ರ ನವೆಂಬರಿನಲ್ಲಿ, ಪ್ರವಾಹಕ್ಕೆ ಕೊಚ್ಚಿಹೋಗಿ ಅರ್ಧಕ್ಕೆ ನಿಂತಿದ್ದ ಸೇತುವೆಯಿಂದ ಕಾರು ಬಿದ್ದು ಮೂವರು ತೀರಿಕೊಂಡರು. ಅವರು ಮ್ಯಾಪ್ ನೋಡಿಕೊಂಡು ಹೋಗುತ್ತಿದ್ದರು ಎಂದು ವರದಿಯಾಗಿತ್ತು.

ಆದ್ದರಿಂದ ಜುಲೈ, ಆಗಸ್ಟ್‌ನಲ್ಲಿ ಹೊರಡುವ ಮುಂಚೆ ಹಿಡಕಲ್‌ನಿಂದ ನೀರು ಬಿಟ್ಟಿದ್ದಾರೆಯೇ ಎಂದು ಸುದ್ದಿ ನೋಡಿ. ಸರಕು ಇಳಿಸುವ ಅಂಗಡಿಯವರಿಗೆ ಒಂದು ಫೋನ್ ಮಾಡಿ. ಕೊನೆಯ ಪೆಟ್ರೋಲ್ ಬಂಕಿನಲ್ಲಿ, ಚಹಾ ಅಂಗಡಿಯಲ್ಲಿ ಕೇಳಿ. ಎದುರಿನಿಂದ ಬಂದ ಚಾಲಕರು ಮ್ಯಾಪಿಗಿಂತ ಮುಂಚೆ ಸುದ್ದಿ ತಂದಿರುತ್ತಾರೆ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ, ಮುಂದಿನ ಗಾಡಿ ದಾಟಿತೆಂದು ನೀವು ಇಳಿಯಬೇಡಿ. ಕೆಳಗಿನ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಆ ಕೆಂಪು ನೀರಿನಲ್ಲಿ ಕಾಣುವುದಿಲ್ಲ. ತೊಂದರೆಯಾದರೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033.

ಪ್ರಶ್ನೆ: ನಮ್ಮ ಯಜಮಾನರು ಸಂಕೇಶ್ವರದಿಂದ ಪುಣೆಗೆ ಲಾರಿ ಹೊಡೆಯುತ್ತಾರೆ. ತವಂದಿ ಘಾಟಿನಲ್ಲೂ ಒಂದು ಕೈಯಲ್ಲಿ ಫೋನು ಹಿಡಿದೇ ದಾರಿ ನೋಡುತ್ತಾರಂತೆ. ಪೊಲೀಸರು ಹಿಡಿದರೆ? ಅದಕ್ಕಿಂತ, ಏನಾದರೂ ಆದರೆ? ನನಗೆ ನಿದ್ದೆ ಬರುವುದಿಲ್ಲ.
– ಒಬ್ಬ ಗೃಹಿಣಿ, ಹುಕ್ಕೇರಿ ತಾಲ್ಲೂಕು

ಉತ್ತರ: ಅಮ್ಮಾ, ನಿಮ್ಮ ಆತಂಕ ಸರಿಯಾದದ್ದೇ. ದಾರಿ ನೋಡಲು ಫೋನ್ ಬಳಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. 2020ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ, ಆದರೆ ಚಾಲಕನ ಗಮನ ತಪ್ಪಬಾರದು. ಬೇರೆ ಕೆಲಸಕ್ಕೆ ಫೋನ್ ಹಿಡಿದರೆ ಮೋಟಾರು ವಾಹನ ಕಾಯ್ದೆಯ 184ನೇ ಕಲಂ (ಅಪಾಯಕಾರಿ ಚಾಲನೆ) ಹಾಕುತ್ತಾರೆ. ಮೊದಲ ತಪ್ಪಿಗೇ 5000 ರೂಪಾಯಿವರೆಗೆ ದಂಡ, ಜೈಲಿಗೂ ಅವಕಾಶವಿದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಫೋನ್ ನೋಡಿದರೆ ಲಾರಿ 33 ಮೀಟರ್ ಮುಂದೆ ಹೋಗಿರುತ್ತದೆ. ಘಾಟಿನ ಇಳಿಜಾರಿನಲ್ಲಿ ಇದು ತುಂಬ ದೂರ. ಗಾಜಿನ ಹತ್ತಿರ, ರಸ್ತೆಗೆ ಅಡ್ಡಬಾರದ ಕಡೆ, ಫೋನಿಗೊಂದು ಹೋಲ್ಡರ್ ಕೂರಿಸಲು ಹೇಳಿ. ಗೂಗಲ್ ಮ್ಯಾಪ್ಸ್ ಕನ್ನಡದಲ್ಲೇ ದಾರಿ ಹೇಳುತ್ತದೆ. ದನಿ ಜೋರು ಮಾಡಿಟ್ಟರೆ ಕಿವಿ ಸಾಕು, ಕಣ್ಣು ರಸ್ತೆಯ ಮೇಲಿರುತ್ತದೆ. ಕ್ಲೀನರ್ ಜೊತೆಗಿದ್ದರೆ ಫೋನ್ ಅವನ ಕೈಗೆ ಕೊಡಲಿ. ಆಫ್‌ಲೈನ್ ನಕ್ಷೆ (ನೆಟ್‌ವರ್ಕ್ ಇಲ್ಲದಾಗಲೂ ತೆರೆಯುವಂತೆ ಮೊದಲೇ ಇಳಿಸಿಟ್ಟ ನಕ್ಷೆ) ಮನೆಯಲ್ಲೇ ಹಾಕಿಕೊಳ್ಳಲಿ.

ಈ ಮಾತನ್ನೆಲ್ಲ ಅವರು ಮನೆಯಲ್ಲಿ ಊಟ ಮಾಡಿ ಕುಳಿತಾಗ ಹೇಳಿ. ಗಾಡಿ ಓಡಿಸುವ ಹೊತ್ತಿನಲ್ಲಿ ಮಾತ್ರ ಫೋನ್ ಮಾಡಬೇಡಿ. ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿಂದ ಅವರೇ ಮಾಡಲಿ.